ನೈದಿಲೆಯ ಕೆರೆಗೆ ಕತ್ತೆಕಿವಿಯ ಹಾಸು

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಕೆರೆ, ಕಾಲುವೆ, ಹಳ್ಳಗಳ ಮೇಲೆ ಹಬ್ಬಿದ ಹಸಿರೆಲ್ಲ ಒಂದೇ ಅಲ್ಲ. ಕೆಲವು ಇಲ್ಲಿಯ ಮಣ್ಣಲ್ಲೇ ಹುಟ್ಟಿ ಬೆಳೆದವು, ಕೆಲವು ಅಮೆಜಾನ್ ಸೀಮೆಯಿಂದ ಬಂದವು. ಕೆರೆಗೆ ಇಳಿಯುವ ಜೆಸಿಬಿಗೆ ಈ ವ್ಯತ್ಯಾಸ ತಿಳಿಯದು. ಇಳಿಸುವವರಿಗಾದರೂ ತಿಳಿದಿರಬೇಕು.

ಮುನಿರಾಬಾದಿನಲ್ಲಿ ಎಡದಂಡೆ ಕಾಲುವೆಗೆ ನೀರು ಬಿಟ್ಟರಂತೆ ಎಂಬ ಸುದ್ದಿ ಸಿಂಧನೂರಿಗೆ ಬಂದ ದಿನ, ಭತ್ತದ ಸಸಿ ಮಡಿ ಹಾಕಿಕೊಂಡವರ ಕಣ್ಣೆಲ್ಲ ಕಾಲುವೆಯ ಮೇಲೆ. ಮಲೆನಾಡಿನ ಮಳೆ ಮೈಲು ಮೈಲು ದಾಟಿ ಈ ಎರೆ ಸೀಮೆಗೆ ಇಳಿಯುತ್ತದೆ. ಅದರ ಮುಂದೆ, ನೀರಿಗೂ ಮೊದಲು, ಹಸಿರಿನ ಗುಡ್ಡೆಯೊಂದು ತೇಲಿ ಬರುತ್ತದೆ.

ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ತಗ್ಗುಗಳಲ್ಲಿ ಉಳಿದ ನೀರಿನಲ್ಲಿ ಬೆಳೆದು ಕೂತಿದ್ದ ಕತ್ತೆಕಿವಿ ಗಿಡ ಅದು. ಹೊಸ ನೀರು ಅದನ್ನೆಲ್ಲ ಎಬ್ಬಿಸಿ ತಳ್ಳಿಕೊಂಡು ಬರುತ್ತದೆ. ಸೇತುವೆಯ ಕಣ್ಣಿಗೆ, ಉಪಕಾಲುವೆಯ ಗೇಟಿಗೆ ಮೆತ್ತಿಕೊಂಡರೆ ಮೇಲ್ಗಡೆ ನೀರು ಏರುತ್ತದೆ, ಕೆಳಗಡೆ ಹೊಲಗಾಲುವೆ ಒಣಗಿಯೇ ಇರುತ್ತದೆ. ಗ್ಯಾಂಗ್‌ಮನ್‌ಗಳು ಎದೆಮಟ್ಟ ನೀರಿಗೆ ಇಳಿಯುತ್ತಾರೆ. ದಂಡೆಯ ಮೇಲಿನವರು ಕೊಕ್ಕೆ ಹಾಕಿ ಎಳೆಯುತ್ತಾರೆ. ಒಂದು ಗಿಡ ಎಳೆದರೆ ಬೇರಿಗೆ ಬೇರು ಹೆಣೆದುಕೊಂಡು ಹತ್ತು ಬರುತ್ತವೆ, ಕರಿ ಕೆಸರು ಸುರಿಸುತ್ತ.

ಅದೇ ಹೊತ್ತಿಗೆ ಸೇತುವೆಯ ಮೇಲೆ ಬೈಕ್ ನಿಲ್ಲಿಸಿದ ಹುಡುಗರು ಮೊಬೈಲ್‌ನಲ್ಲಿ ಫೋಟೊ ತೆಗೆಯುತ್ತಾರೆ. ಅವರದ್ದು ತಪ್ಪಲ್ಲ. ಕತ್ತೆಕಿವಿಯ ಹೂ ನಿಜಕ್ಕೂ ಚೆಂದ. ತಿಳಿ ನೇರಳೆ ಎಸಳು, ಮೇಲಿನ ಎಸಳಿನ ನಡುವೆ ಒಂದು ಹಳದಿ ಚುಕ್ಕೆ. ಈ ಚೆಂದಕ್ಕೆ ಮನಸೋತೇ ಮನುಷ್ಯ ಅದನ್ನು ತನ್ನ ತೋಟದ ಕೊಳಗಳಿಗೆಂದು ಖಂಡದಿಂದ ಖಂಡಕ್ಕೆ ಹೊತ್ತು ತಿರುಗಿದ.

ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಕೊಪ್ಪಳ ಜಿಲ್ಲೆ ದಾಟಿ, ಸಿಂಧನೂರು ಹಾದು, ಮಾನ್ವಿ, ರಾಯಚೂರಿನ ಕಡೆಗೆ ಹೋಗುತ್ತದೆ. ಮೈಲ್ 69ರಲ್ಲಿ ಎಷ್ಟು ಅಡಿ ನೀರು, ಮೈಲ್ 104ರಲ್ಲಿ ಎಷ್ಟು ಎಂಬುದೇ ಇಲ್ಲಿಯ ರೈತ ಹೋರಾಟಗಳ ಲೆಕ್ಕ. ಕೊನೆ ಭಾಗಕ್ಕೆ ನೀರು ಮುಟ್ಟದಿರುವುದಕ್ಕೆ ಮೇಲಿನವರ ಅಕ್ರಮ ನೀರಾವರಿ ಕಾರಣ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಕಾಲುವೆಯ ಹೊಟ್ಟೆಯಲ್ಲಿ ಬೆಳೆದ ಕಳೆ ತಡೆದು ನಿಲ್ಲಿಸುವ ನೀರಿನ ಲೆಕ್ಕ ಯಾವ ಸಭೆಯಲ್ಲೂ ಬರುವುದಿಲ್ಲ.

ಬತ್ತುವ ಕೆರೆಯ ಗಿಡಗಳು

ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನೆಲ ಹಳೆಯ ಶಾಸನಗಳ ಎಡೆದೊರೆ ನಾಡು. ಎರಡು ದೊಡ್ಡ ಹೊಳೆಗಳ ನಡುವೆ ಇದ್ದೂ ಬಾಯಾರಿದ ಸೀಮೆ. ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನ ಸಿಕ್ಕಿತಲ್ಲ, ಆ ಬೆಟ್ಟದ ಸುತ್ತ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಜನ ಬಾಳಿದ್ದಾರೆ. ಬಾಳಿದ್ದು ಹಳ್ಳ, ಬಾವಿ, ಕುಂಟೆ, ಕೆರೆಗಳ ನೀರಿನಲ್ಲೇ. ಲಿಂಗಸುಗೂರಿಗೆ ಹತ್ತಿಕೊಂಡ ಕರಡಕಲ್ಲಿನ ಕೆರೆಯಿರಲಿ, ಮುದಗಲ್ ಕೋಟೆಯ ಸುತ್ತ ಕೆಲವೆಡೆ 50 ಗಜದಷ್ಟು ಅಗಲವಿರುವ ಕಂದಕವಿರಲಿ, ಎಲ್ಲವೂ ಮಳೆ ಬಂದಾಗ ತುಂಬಿ ಬೇಸಿಗೆಗೆ ಇಳಿಯುವ ನೀರು.

ಇಂಥ ನೀರಿಗೆ ಹೊಂದಿಕೊಂಡ ಗಿಡಗಳೇ ಇಲ್ಲಿಯವು. ನೈದಿಲೆಯನ್ನೇ ನೋಡಿ. ಕೆರೆ ತುಂಬಿದಾಗ ಎಲೆ ಬಿಟ್ಟು ಹೂವಾಗುತ್ತದೆ. ನೀರು ಇಳಿದು ಅಂಗಳ ಬಿರುಕು ಬಿಟ್ಟಾಗ ಎಲೆ ಸುಟ್ಟುಹೋಗುತ್ತದೆ, ಗಡ್ಡೆ ಮಾತ್ರ ಕೆಸರಿನಡಿ ಉಳಿದು ಮುಂದಿನ ಮಳೆಗೆ ಕಾಯುತ್ತದೆ. ತಾವರೆಯೂ ಹಾಗೆಯೇ. ಅದರ ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ, ಈಶಾನ್ಯ ಚೀನಾದ ಒಣಗಿದ ಕೆರೆಯಂಗಳದಲ್ಲಿ ಹೂತಿದ್ದ, ಸುಮಾರು 1,300 ವರ್ಷ ಹಳೆಯದೆಂದು ಲೆಕ್ಕ ಸಿಕ್ಕ ತಾವರೆ ಬೀಜವನ್ನು ವಿಜ್ಞಾನಿಗಳು ಮೊಳೆಯಿಸಿದ್ದಾರೆ. ನಮ್ಮ ಲೆಕ್ಕದಲ್ಲಿ ಅದು ಬಾದಾಮಿ ಚಾಲುಕ್ಯರ ಕಾಲದ ಬೀಜ.

ನೀರೊಳಗೆ ಮುಳುಗಿ ಬೆಳೆಯುವ ಗಿಡಗಳದ್ದು ಬೇರೆಯೇ ಲೋಕ. ಪಿಯುಸಿ ಪ್ರಯೋಗಾಲಯದಲ್ಲಿ ಗಾಜಿನ ಆಲಿಕೆಯ ಕೆಳಗೆ ಗುಳ್ಳೆ ಬಿಟ್ಟು ತೋರಿಸುವ ಹೈಡ್ರಿಲ್ಲಾ ನೆನಪಿದೆಯೇ? ನಮ್ಮ ಕೆರೆಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ. ಅದೇ ಪಠ್ಯದ ವ್ಯಾಲಿಸ್ನೇರಿಯಾ ಕೂಡ ಈ ದೇಶದ್ದೇ ಗಿಡ. ಗಂಡು ಹೂ ಕಳಚಿಕೊಂಡು ನೀರಿನ ಮೇಲೆ ತೇಲಿ ಹೋಗಿ ಹೆಣ್ಣು ಹೂವನ್ನು ಮುಟ್ಟುತ್ತದೆ. ಹಗಲಿಡೀ ಈ ಗಿಡಗಳು ನೀರಿಗೆ ಆಮ್ಲಜನಕ ಬಿಡುತ್ತವೆ. ಮೀನಿನ ಮರಿ ಅಡಗುವುದು, ಬಸವನಹುಳು ಮೊಟ್ಟೆ ಅಂಟಿಸುವುದು ಇವುಗಳ ನಡುವೆಯೇ. ನೈದಿಲೆಯ ಎಲೆಯ ಮೇಲೆ ಉದ್ದುದ್ದ ಬೆರಳಿನ ದೇವನಕ್ಕಿ ನಡೆದಾಡುತ್ತದೆ, ಆ ಎಲೆಗಳ ಮೇಲೆಯೇ ಗೂಡು ಮಾಡುತ್ತದೆ.

ದಂಡೆಗೆ ಬಂದರೆ ಹೊನಗೊನ್ನೆ, ಒಂದೆಲಗ, ನೀರು ಬ್ರಾಹ್ಮಿ. ಇವನ್ನು ಸೊಪ್ಪೆಂದು, ಮದ್ದೆಂದು ಹೆಣ್ಣುಮಕ್ಕಳು ಕಿತ್ತು ತರುತ್ತಿದ್ದರು. ಕೆರೆಯ ಗಿಡಗಳನ್ನು ಹೆಸರು ಹಿಡಿದು ಬಲ್ಲವರು ಅವರೇ.

1953ರ ನಂತರ

ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ಕಾಲುವೆಗೆ ನೀರು ಹರಿದದ್ದು 1953ರಲ್ಲಿ. ಆಗ ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ ಹೆಚ್ಚು, ಭತ್ತಕ್ಕೆ ಸ್ವಲ್ಪವೇ ಜಾಗ ಎಂದು ಯೋಜನೆ ಮಾಡಿದವರು ಬರೆದಿಟ್ಟಿದ್ದರು. ನೀರು ಬಂದ ಮೇಲೆ ಆದದ್ದು ಬೇರೆ. ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು, ಎರೆ ಹೊಲ ಗದ್ದೆಯಾಯಿತು, ಸಿಂಧನೂರು ಭತ್ತದ ಕಣಜ ಎನಿಸಿಕೊಂಡಿತು.

ಆ ಸಮೃದ್ಧಿಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತದ್ದನ್ನು ಕಂಡವರಿಗೆ, ನೀರಿಲ್ಲದ ಹೊಲವೆಂದರೆ ಏನೆಂದು ಗೊತ್ತು.

ಆದರೆ ನೀರಿನ ಜೊತೆ ಎರಡು ಬದಲಾವಣೆ ಬಂದವು. ಹಿಂದೆ ಬೇಸಿಗೆಗೆ ಬತ್ತುತ್ತಿದ್ದ ಹಳ್ಳ, ಕುಂಟೆ, ಬಸಿಗಾಲುವೆಗಳಲ್ಲಿ ವರ್ಷದ ಹೆಚ್ಚಿನ ದಿನ ನೀರು ನಿಲ್ಲತೊಡಗಿತು. ಎರಡು ಬೆಳೆಗೆ ಸುರಿದ ಯೂರಿಯಾ, ಡಿಎಪಿಯಲ್ಲಿ ಬೆಳೆ ಹೀರದೆ ಬಿಟ್ಟದ್ದು ಗದ್ದೆಯಿಂದ ಬಸಿದು ಅದೇ ಹಳ್ಳಕ್ಕೆ ಇಳಿಯಿತು. ಊರು ಬೆಳೆದಂತೆ ಚರಂಡಿಯ ನೀರೂ ಅಲ್ಲಿಗೇ ಸೇರಿತು.

ಒಣಗುವ ನೀರಿಗೆ ಒಗ್ಗಿದ್ದ ಗಿಡಗಳಿಗೆ ಇದು ಹೊಸ ಸ್ಥಿತಿ. ಅಮೆಜಾನ್‌ನ ತೇಲುವ ಗಿಡಕ್ಕೆ ಮಾತ್ರ ಇದು ತವರು. ನೆಲಕ್ಕೆ ಬೇರು ಊರದ ಕತ್ತೆಕಿವಿ ಕೆರೆ ಒಣಗಿದರೆ ಸಾಯುತ್ತದೆ. ಒಣಗುವುದನ್ನು ನಾವು ನಿಲ್ಲಿಸಿದೆವು. ನೀರಿನಲ್ಲಿ ಸಾರಜನಕ, ರಂಜಕ ಹೆಚ್ಚಿದಷ್ಟೂ ಅದು ಹಬ್ಬುತ್ತದೆ. ಅದನ್ನೂ ನಾವೇ ಒದಗಿಸಿದೆವು. ಈ ಸೀಮೆಯ ಕೆರೆಗಳಿಗೆ ಆದದ್ದನ್ನು ನಾನು ಓದಿಕೊಳ್ಳುವುದು ಹೀಗೆ. ಹೊರಗಿನ ಗಿಡ ಬಂದದ್ದು ಅರ್ಧ ಕಥೆ, ಅದಕ್ಕೆ ಇಲ್ಲಿ ಜಾಗ ಸಿಕ್ಕಿದ್ದು ಇನ್ನರ್ಧ. ಗಿಡವನ್ನಷ್ಟೇ ಕಿತ್ತು ನೀರನ್ನು ಹಾಗೇ ಬಿಟ್ಟರೆ ಮುಂದಿನ ವರ್ಷ ಮತ್ತೆ ಅದೇ ಟೆಂಡರ್.

ಒಂದು ತಿಂಗಳಲ್ಲಿ ಒಂದು ಎಕರೆ

ಕತ್ತೆಕಿವಿ ಬೀಜದಿಂದಲೂ ಹುಟ್ಟುತ್ತದೆ, ಆದರೆ ಅದರ ಬಲ ಇರುವುದು ಹಂಬಿನಲ್ಲಿ. ತಾಯಿಗಿಡ ಪಕ್ಕಕ್ಕೆ ಹಂಬು ಚಾಚಿ ತುದಿಯಲ್ಲಿ ಮರಿ ಇಡುತ್ತದೆ, ಮರಿ ಇನ್ನೊಂದು ಮರಿ ಇಡುತ್ತದೆ. ಬಿಸಿಲು, ಗೊಬ್ಬರದ ನೀರು ಸಿಕ್ಕರೆ ಒಂದೆರಡು ವಾರದಲ್ಲಿ ಹಬ್ಬಿದ ಜಾಗ ದುಪ್ಪಟ್ಟಾಗುತ್ತದೆ. ಅಂದರೆ ಹತ್ತು ಗುಂಟೆಯಷ್ಟಿದ್ದದ್ದು ಒಂದು ತಿಂಗಳೊಳಗೆ ಎಕರೆಯಾಗುತ್ತದೆ.

ದಟ್ಟವಾಗಿ ಹೆಣೆದ ಹಾಸಿನ ತೂಕ ಎಕರೆಗೆ ನೂರು ಟನ್ ದಾಟಬಹುದು. ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಬರೀ ನೀರು. ಹಸಿ ಕಳೆಯನ್ನು ಟ್ರ್ಯಾಕ್ಟರಿಗೆ ತುಂಬಿ ಸಾಗಿಸುವುದೆಂದರೆ ಕೆರೆಯ ನೀರನ್ನೇ ಡೀಸೆಲ್ ಸುಟ್ಟು ಹೊತ್ತೊಯ್ದಂತೆ. ದಂಡೆಯಲ್ಲಿ ಒಣಗಿಸಿ ಸಾಗಿಸಿದರೆ ಖರ್ಚು ಎಷ್ಟೋ ಪಾಲು ಇಳಿಯುತ್ತದೆ. ಆದರೆ ಒಣಗಲು ಹಾಕಿದ ಗುಡ್ಡೆ ಅಲ್ಲೇ ಮರೆತುಹೋಗಿ, ಮಳೆ ಬಂದು ಮತ್ತೆ ಕೆರೆಗೆ ಜಾರುವುದೇ ನಮ್ಮಲ್ಲಿ ಹೆಚ್ಚು.

ಹಾಸಿನ ಕೆಳಗೆ ಬೆಳಕಿಲ್ಲ. ಬೆಳಕಿಲ್ಲದ ಕಡೆ ಹೈಡ್ರಿಲ್ಲಾ ಬದುಕದು, ಪಾಚಿಯೂ ಬೆಳೆಯದು. ಸತ್ತ ಎಲೆ ತಳಕ್ಕಿಳಿದು ಕೊಳೆಯುವಾಗ ಉಳಿದ ಆಮ್ಲಜನಕವನ್ನೂ ಹೀರುತ್ತದೆ. ಮೀನು ಬಾಯಿ ಮೇಲೆತ್ತಿ ತೇಲತೊಡಗುತ್ತವೆ. ಬೇರಿಗೆ ಅಂಟಿ ಉಸಿರಾಡುವ ಮ್ಯಾನ್ಸೋನಿಯಾ ಜಾತಿಯ ಸೊಳ್ಳೆಯ ಮರಿಗಳಿಗೆ ಕತ್ತೆಕಿವಿ, ಅಂತರಗಂಗೆ ಎರಡೂ ಆಸರೆ. ಕೇರಳದ ಚೇರ್ತಲದಲ್ಲಿ ಆನೆಕಾಲು ರೋಗ ಹಬ್ಬಿಸಿದ್ದು ಇದೇ ಸೊಳ್ಳೆ.

---

ಚೌಕಟ್ಟು 1: ದಂಡೆಯಲ್ಲಿ ನಿಂತೇ ಗುರುತಿಸಿ

ಕತ್ತೆಕಿವಿ: ಎಲೆಯ ತೊಟ್ಟು ಊದಿಕೊಂಡು ಸ್ಪಂಜಿನಂತಿರುತ್ತದೆ. ತೇಲುವ ಗಿಡ, ಉದ್ದನೆಯ ಕಪ್ಪು ಬೇರಿನ ಕುಚ್ಚು, ನೇರಳೆ ಹೂಗೊಂಚಲು. ದಕ್ಷಿಣ ಅಮೆರಿಕದ್ದು. ತೆಗೆಯಬೇಕು.

ಸಾಲ್ವಿನಿಯಾ: ಹೂವಿಲ್ಲದ ಜರಿಗಿಡ. ಜೋಡಿ ಎಲೆ, ಮೇಲೆಲ್ಲ ಸಣ್ಣ ರೋಮ, ನೀರು ಹನಿ ಹಾಕಿದರೆ ಜಾರುತ್ತದೆ. ಬ್ರೆಜಿಲ್‌ನದ್ದು. ತೆಗೆಯಬೇಕು.

ಅಂತರಗಂಗೆ: ಎಲೆಕೋಸು ಬಿರಿದಂತೆ ತೇಲುವ ಮಖಮಲ್ ಎಲೆ. ಮೂಲ ಯಾವುದೆಂದು ಸಸ್ಯಶಾಸ್ತ್ರಜ್ಞರಲ್ಲೇ ಒಮ್ಮತವಿಲ್ಲ. ಕೆರೆ ಮುಚ್ಚುವಷ್ಟು ಬೆಳೆದರೆ ತೆಗೆಯಬೇಕು.

ಬೇಶರಮ್ ಗಿಡ: ದಂಡೆಯ ಪೊದೆ, ತಿಳಿ ಗುಲಾಬಿಯ ಆಲಿಕೆಯಂಥ ಹೂ. ಬೇಲಿಗೆಂದು ತಂದ ಅಮೆರಿಕ ಖಂಡದ ಗಿಡ. ಮೇದ ಆಡುಗಳಿಗೆ ವಿಷ. ಬೇರುಸಹಿತ ತೆಗೆಯಬೇಕು, ತುಂಡು ಬಿದ್ದಲ್ಲಿ ಚಿಗುರುತ್ತದೆ.

ತಾವರೆ, ನೈದಿಲೆ: ತಾವರೆಯ ಎಲೆ ಪೂರ್ತಿ ದುಂಡು, ನೀರಿನಿಂದ ಮೇಲೇಳುತ್ತದೆ. ನೈದಿಲೆಯ ಎಲೆಗೆ ಒಂದು ಸೀಳು, ನೀರಿನ ಮೇಲೆ ಮಲಗಿರುತ್ತದೆ. ಇಲ್ಲಿಯವು. ಉಳಿಸಬೇಕು.

ಮೊನೊಕೋರಿಯಾ: ಭತ್ತದ ಗದ್ದೆಯಲ್ಲಿ ಬೆಳೆಯುವ ನೀಲಿ ಹೂವಿನ ಸಣ್ಣ ಗಿಡ. ಕತ್ತೆಕಿವಿಯ ಕುಟುಂಬದ್ದೇ, ಆದರೆ ನೆಲಕ್ಕೆ ಬೇರು ಬಿಟ್ಟಿರುತ್ತದೆ. ಇಲ್ಲಿಯದೇ.

---

ಕ್ಯಾಂಪಿನ ಹಿರಿಯರ ನೆನಪು

ಸಿಂಧನೂರಿನ ಸುತ್ತ ಆಂಧ್ರದ ಕ್ಯಾಂಪುಗಳಲ್ಲದೆ ಇನ್ನೊಂದು ಬಗೆಯ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಮಾಡಿಕೊಟ್ಟ ಪುನರ್ವಸತಿ ಕ್ಯಾಂಪುಗಳು. ನೀರಿನ ನಾಡಿನಿಂದ ಎರೆ ಸೀಮೆಗೆ ಬಂದ ಜನ.

ಆ ನಾಡಿನವರಿಗೆ ಕತ್ತೆಕಿವಿ ಹೊಸದಲ್ಲ. ಅವರ ಭಾಷೆಯಲ್ಲಿ ಅದು ಕೊಚುರಿಪಾನಾ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಂಗಾಳ ಸೇರಿದ ಈ ಗಿಡ ಮೂರ್ನಾಲ್ಕು ದಶಕದಲ್ಲಿ ಅಲ್ಲಿಯ ಹೊಳೆಗಳಲ್ಲಿ ದೋಣಿ ಓಡದಂತೆ ಮಾಡಿತು, ಭತ್ತ, ಸೆಣಬಿನ ಗದ್ದೆಗೆ ನುಗ್ಗಿತು. 1936ರಲ್ಲಿ ಬಂಗಾಳ ಸರ್ಕಾರ ಇದೊಂದೇ ಗಿಡದ ವಿರುದ್ಧ ಕಾಯ್ದೆ ತಂದಿತು. ಮನೆ, ಹೊಲ, ಕೊಳದಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧವಾಯಿತು. 1937ರ ಚುನಾವಣೆಯಲ್ಲಿ ಬಂಗಾಳವನ್ನು ಕೊಚುರಿಪಾನಾದಿಂದ ಮುಕ್ತ ಮಾಡುತ್ತೇವೆಂದು ಪಕ್ಷಗಳು ಪ್ರಣಾಳಿಕೆಯಲ್ಲಿ ಬರೆದವು, ಗೆದ್ದು ಬಂಗಾಳ ಪ್ರಾಂತ್ಯದ ಪ್ರಧಾನಿಯಾದ ಫಜಲುಲ್ ಹಕ್ ಅದಕ್ಕಾಗಿ ಜನರನ್ನು ನೀರಿಗಿಳಿಸಿದರು. ನಮ್ಮ ಪಿಯುಸಿ ಜೀವಶಾಸ್ತ್ರದ ಹಿಂದಿನ ಪುಸ್ತಕದಲ್ಲಿ ಅದರ ಇನ್ನೊಂದು ಹೆಸರು 'ಬಂಗಾಳದ ಪೀಡೆ' ಎಂದಿತ್ತು.

ಅದೇ ಬಂಗಾಳಿ ಅಡುಗೆಮನೆಗೆ ಇಲ್ಲಿಯ ನೀರಿನ ಗಿಡಗಳೂ ಗೊತ್ತು. ನೈದಿಲೆಯ ದಂಟನ್ನು ಸಿಪ್ಪೆ ಸುಲಿದು ಪಲ್ಯ ಮಾಡುತ್ತಾರೆ. ಕೆರೆಯಂಚಿನಲ್ಲಿ ಹಬ್ಬುವ ಕಲ್ಮಿ ಎಂಬ ಬಳ್ಳಿಯ ಎಳೆ ಕುಡಿ ಅವರಿಗೆ ದಿನನಿತ್ಯದ ಸೊಪ್ಪು. ನಾಲ್ಕೆಲೆಯ ಮಾರ್ಸಿಲಿಯಾವನ್ನೂ ಬಿಡುವುದಿಲ್ಲ. ಅದೇ ಕಲ್ಮಿ ಬಳ್ಳಿಯನ್ನು ಕಳೆಯೆಂದು ನಾವು ತುಳಿದು ದಾಟಿ ಹೋಗುತ್ತೇವೆ. ಕೆರೆಯಲ್ಲಿ ಏನು ಇಟ್ಟುಕೊಳ್ಳಬೇಕು, ಏನು ಕೀಳಬೇಕು ಎಂಬುದರಲ್ಲಿ ಈ ಕ್ಯಾಂಪುಗಳ ಹಿರಿಯರಿಗಿರುವ ತಿಳಿವಳಿಕೆಯನ್ನು ಕೆರೆ ಕಾಮಗಾರಿಯ ಅಂದಾಜುಪಟ್ಟಿ ಬರೆಯುವವರು ಒಮ್ಮೆಯಾದರೂ ಕೇಳಿ ತಿಳಿಯಬೇಕು.

ಆಪು ಯಾರ ಕಡೆ?

ಈಗ ಕಷ್ಟದ ಪ್ರಶ್ನೆ. ಕಾಲುವೆಯ ಇಕ್ಕೆಲದಲ್ಲಿ, ಕೆರೆಯ ಹಿನ್ನೀರಿನಲ್ಲಿ ಆಳೆತ್ತರ ಬೆಳೆದು, ಕಂದು ಬಣ್ಣದ ಕಡ್ಡಿಹೂ ಬಿಡುವ ಆಪು ಎಲ್ಲಿಂದಲೂ ಬಂದದ್ದಲ್ಲ. ಇಲ್ಲಿಯದೇ ಜೊಂಡು. ಚಾಪೆ ಹೆಣೆಯಲು, ಗುಡಿಸಲಿಗೆ ಹೊದಿಸಲು ಬಳಸಿದ್ದು. ನೀರು ಕೋಳಿಗಳಿಗೆ, ಗೀಜಗಕ್ಕೆ ಗೂಡಿನ ಜಾಗ.

ಅದೇ ಆಪು ಇವತ್ತು ತುಂಗಭದ್ರಾ ಅಚ್ಚುಕಟ್ಟಿನಲ್ಲಿ ದೊಡ್ಡ ತಲೆನೋವು. ಬಸಿಗಾಲುವೆ ತುಂಬ ಆಪು ಬೆಳೆದರೆ ಹೊಲದ ಹೆಚ್ಚುವರಿ ನೀರು ಹೊರಹೋಗುವುದಿಲ್ಲ. ಎರೆ ಮಣ್ಣು ಜವಳಾಗುತ್ತದೆ, ಉಪ್ಪು ಮೇಲೆದ್ದು ಸವಳಾಗುತ್ತದೆ. ಸವಳಾದ ನೆಲದಲ್ಲಿ ಭತ್ತ ಸೊರಗುತ್ತದೆ, ಆದರೆ ಆಪು ತಡೆದುಕೊಳ್ಳುತ್ತದೆ. ಹೀಗೆ ಆಪು ಕೆಡಿಸಿದ ನೆಲಕ್ಕೆ ಆಪುವೇ ಒಡೆಯನಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು–ಜವಳು ನೆಲದ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿರುವುದು ಈ ಸಂಕಟಕ್ಕಾಗಿಯೇ.

ಆದ್ದರಿಂದ ಇಲ್ಲಿಯ ಗಿಡವೆಲ್ಲ ಒಳ್ಳೆಯದು, ಹೊರಗಿನದೆಲ್ಲ ಕೆಟ್ಟದ್ದು ಎಂದು ಹೇಳಿ ಮುಗಿಸಲು ಬರುವುದಿಲ್ಲ. ಬತ್ತಿ ತುಂಬುವ ಕೆರೆಯಲ್ಲಿ ಆಪು ಅಂಚಿಗೆ ನಿಂತಿರುತ್ತಿತ್ತು. ವರ್ಷವಿಡೀ ಮೊಣಕಾಲುದ್ದದ ಗೊಬ್ಬರದ ನೀರು ನಿಂತರೆ ನಡುವಿನವರೆಗೂ ಬರುತ್ತದೆ. ಬಸಿಗಾಲುವೆಯಲ್ಲಿ ಅದನ್ನು ಬೇರುಸಹಿತ ತೆಗೆಯಲೇಬೇಕು. ಕೆರೆಗೆ ಚರಂಡಿ ನೀರು ಬಂದು ಸೇರುವ ಬಾಯಿಯಲ್ಲಿ ಮಾತ್ರ ಒಂದು ಪಟ್ಟಿ ಬಿಡುವುದು ಲೇಸು. ಅಲ್ಲಿ ಅದು ಕೆಸರು ತಡೆಯುತ್ತದೆ, ನೀರಿನಲ್ಲಿ ಬಂದ ಗೊಬ್ಬರದ ಅಂಶ ಹೀರುತ್ತದೆ. ವರ್ಷಕ್ಕೊಮ್ಮೆ ಕೊಯ್ದು ಹೊರಗೆ ಒಯ್ಯುವವರು ಇದ್ದರೆ ಮಾತ್ರ ಈ ಲಾಭ. ಕೊಯ್ಯದಿದ್ದರೆ ಹೀರಿದ್ದೆಲ್ಲ ಅಲ್ಲೇ ಕೊಳೆತು ಮತ್ತೆ ನೀರಿಗೆ.

---

ಚೌಕಟ್ಟು 2: ಬೆಂಗಳೂರಿನ ನಂಟು, ಫ್ಲೋರಿಡಾದ ಗೋಳು

ನಮ್ಮ ಕೆರೆಗಳ ಸಾಧು ಹೈಡ್ರಿಲ್ಲಾ ಅಮೆರಿಕದಲ್ಲಿ ಕುಖ್ಯಾತ ಕಳೆ. 1950ರ ದಶಕದ ಆರಂಭದಲ್ಲಿ ಅಕ್ವೇರಿಯಂ ವ್ಯಾಪಾರಿಗಳು ಅದನ್ನು ಶ್ರೀಲಂಕಾದಿಂದ ಫ್ಲೋರಿಡಾಗೆ ತರಿಸಿದರು. ಅಲ್ಲಿಯ ಕಾಲುವೆ, ಸರೋವರಗಳಿಗೆ ಹಬ್ಬಿದ ಗಿಡವನ್ನು ಹತೋಟಿಯಲ್ಲಿಡಲು ಇಂದಿಗೂ ಅವರು ದುಡ್ಡು ಸುರಿಯುತ್ತಿದ್ದಾರೆ. ಅದರ ವಂಶವಾಹಿಯನ್ನು ಹಲವು ದೇಶಗಳ ಮಾದರಿಗಳೊಂದಿಗೆ ಹೋಲಿಸಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅದಕ್ಕೆ ಹತ್ತಿರದ ನಂಟು ಸಿಕ್ಕಿದ್ದು ಬೆಂಗಳೂರಿನ ಮಾದರಿಗೆ.

ಅಕ್ವೇರಿಯಂ ಗಿಡ ಬೇಡವೆನಿಸಿದರೆ ಕೆರೆಗೆ, ಹಳ್ಳಕ್ಕೆ, ಕಾಲುವೆಗೆ ಎಸೆಯಬೇಡಿ. ಬಿಸಿಲಲ್ಲಿ ಪೂರ್ತಿ ಒಣಗಿಸಿ ಸುಡಿ.

---

ಅಕ್ಕಿಕಾಳಿನಷ್ಟು ಹುಳು

ಕತ್ತೆಕಿವಿಯನ್ನು ಅದರ ತವರಿನಲ್ಲಿ ಹದ್ದಿನಲ್ಲಿಟ್ಟಿರುವುದು ಅದನ್ನೇ ತಿಂದು ಬದುಕುವ ಕೀಟಗಳು. ಗಿಡ ಕಡಲು ದಾಟಿತು, ಕೀಟ ಅಲ್ಲೇ ಉಳಿಯಿತು. ಆ ಕೀಟವನ್ನು ಇಲ್ಲಿಗೂ ತರುವ ಕೆಲಸ ಶುರುವಾದದ್ದು ನಮ್ಮ ಕರ್ನಾಟಕದಲ್ಲೇ, ಬೆಂಗಳೂರಿನ ಹೊರಗಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ, 1980ರ ದಶಕದ ಆರಂಭದಲ್ಲಿ.

ನಿಯೋಕೆಟಿನಾ ಎಂಬ ಸೊಂಡಿಲುಹುಳುವಿನ ಎರಡು ಪ್ರಭೇದ, ಜೊತೆಗೆ ಒಂದು ಜಾತಿಯ ನುಸಿ. ಹುಳುವಿನ ಉದ್ದ ಸುಮಾರು 5 ಮಿಲಿಮೀಟರ್. ದೊಡ್ಡ ಹುಳು ಎಲೆಯನ್ನು ಕೆರೆದು ತಿನ್ನುತ್ತದೆ, ಮರಿ ತೊಟ್ಟಿನೊಳಗೆ ಸುರಂಗ ಕೊರೆಯುತ್ತದೆ. ಸ್ಪಂಜಿನ ತೊಟ್ಟಿಗೆ ನೀರು ನುಗ್ಗಿ ಗಿಡ ಮುಳುಗುತ್ತದೆ. ಬೇರೆ ಬೆಳೆಗೆ ಬಾಯಿ ಹಾಕುವುದಿಲ್ಲವೆಂದು ಪರೀಕ್ಷಿಸಿಯೇ ಬೆಂಗಳೂರಿನ ಕೆರೆಗಳಿಗೆ ಬಿಟ್ಟರು, ಅಲ್ಲಿಂದ ಮಣಿಪುರದ ಲೋಕ್ತಾಕ್ ಸರೋವರದವರೆಗೆ ಹೋಯಿತು. ಪಾಪಸುಕಳ್ಳಿ ಒಂದು ಕಾಲಕ್ಕೆ ದಖ್ಖನಿನ ಹೊಲಗಳನ್ನು ನುಂಗುತ್ತಿದ್ದಾಗ 1926ರಲ್ಲಿ ತಂದ ಒಂದು ಬಿಳಿ ಕೀಟ ಅದನ್ನು ಅಡಗಿಸಿತ್ತು. ಇದೂ ಅದೇ ದಾರಿ.

ಈ ಪ್ರಯತ್ನಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಬೆಂಗಳೂರಿನ ಒಂದು ನೈದಿಲೆ ಕೊಳದ ಪ್ರಯೋಗ. ಆ ಕೊಳವನ್ನು ಸಾಲ್ವಿನಿಯಾ ಪೂರ್ತಿ ಮುಚ್ಚಿತ್ತು. ಆಸ್ಟ್ರೇಲಿಯಾದಿಂದ ತಂದ ಸಿರ್ಟೊಬೇಗಸ್ ಎಂಬ ಸೊಂಡಿಲುಹುಳುವನ್ನು 1983–84ರಲ್ಲಿ ಅಲ್ಲಿಗೆ ಬಿಟ್ಟರು. ಹನ್ನೊಂದು ತಿಂಗಳಲ್ಲಿ ಸಾಲ್ವಿನಿಯಾ ಇಲ್ಲವಾಯಿತು. ಮುಚ್ಚಿಹೋಗಿದ್ದ ನೈದಿಲೆ ತಾನಾಗಿ ಮತ್ತೆ ಎಲೆ ಬಿಟ್ಟಿತು. ಯಾರೂ ಅದನ್ನು ನೆಡಲಿಲ್ಲ. ಆಮೇಲೆ ಅದೇ ಹುಳು ಕೇರಳದ ಕುಟ್ಟನಾಡಿನ ಗದ್ದೆಗಳನ್ನು ಬಿಡಿಸಿತು.

ಹುಳುವಿಗೂ ಮಿತಿಯಿದೆ. ಚರಂಡಿ ನೀರು ತುಂಬಿದ ಕೆರೆಯಲ್ಲಿ ಹುಳು ತಿನ್ನುವುದಕ್ಕಿಂತ ಬೇಗ ಗಿಡ ಚಿಗುರುತ್ತದೆ. ಹುಳು ನೆಲೆ ನಿಲ್ಲಲು ಒಂದೆರಡು ವರ್ಷ ಬೇಕು, ನಡುವೆ ಕಳೆಯನ್ನೆಲ್ಲ ಒಮ್ಮೆಗೇ ಎತ್ತಿ ಹಾಕಿದರೆ ಹುಳುವೂ ಹೋಯಿತು. ಹುಲ್ಲುಗೆಂಡೆ ಮೀನು ಬಿಟ್ಟರೆ ಸಾಕೆನ್ನುವವರೂ ಇದ್ದಾರೆ. ಆ ಮೀನಿಗೆ ಇಷ್ಟ ಹೈಡ್ರಿಲ್ಲಾ, ಕತ್ತೆಕಿವಿ ಅಲ್ಲ. ಕೆರೆಗೆ ಬೇಕಾದ ಗಿಡ ತಿಂದು ಬೇಡದ್ದನ್ನು ಬಿಡುತ್ತದೆ. ಕಳೆನಾಶಕ ಹೊಡೆಯುವುದಂತೂ ಊರಿಗೆ ಕುಡಿಯುವ ನೀರು ಕೊಡುವ ಕೆರೆಯಲ್ಲಿ ಯೋಚಿಸಲೂಬಾರದು. ಒಮ್ಮೆಗೇ ಸತ್ತು ಕೊಳೆಯುವ ಅಷ್ಟೊಂದು ಗಿಡ ನೀರಿನ ಉಸಿರು ಕಟ್ಟಿಸುತ್ತದೆ.

ಜೆಸಿಬಿ ಇಳಿಯುವ ಮುನ್ನ

ಬೇಸಿಗೆಯಲ್ಲಿ ಕೆರೆ ಹೂಳೆತ್ತುವ ಕಾಮಗಾರಿ ನಡೆಯುತ್ತದೆ. ಅಂಗಳವನ್ನೆಲ್ಲ ಸಮ ಮಾಡಿ, ಬದು ಕೆತ್ತಿ, ಒಂದು ಹುಲ್ಲುಕಡ್ಡಿ ಉಳಿಯದಂತೆ ಬಟ್ಟಲಿನಾಕಾರ ಮಾಡಿದರೆ ಕೆಲಸ ಚೆನ್ನಾಯಿತೆಂದು ಬಿಲ್ ಆಗುತ್ತದೆ. ಆ ಹೂಳಿನಲ್ಲಿ ನೈದಿಲೆಯ ಗಡ್ಡೆಯಿತ್ತು, ತಾವರೆಯ ಬೀಜವಿತ್ತು. ಕತ್ತೆಕಿವಿಯ ಬೀಜವೂ ಇತ್ತು. ಹದಿನೈದು, ಇಪ್ಪತ್ತು ವರ್ಷ ಕೆಸರಲ್ಲಿ ಜೀವ ಹಿಡಿದಿರಬಲ್ಲ ಬೀಜ ಅದು. ಬರಿದಾದ ಕೆರೆಗೆ ಮೊದಲ ಮಳೆಯ ನೀರು ಬಂದಾಗ ಉಳಿದ ಬೀಜ ಮೊಳೆತರೆ, ಜಾಗ ಹಿಡಿಯಲು ಅದಕ್ಕೆ ಎದುರಾಳಿಯೇ ಇರುವುದಿಲ್ಲ.

ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ಕೆರೆಯ ಒಂದು ಬದಿಯ ಅಂಗಳವನ್ನು ಕೆದಕದೆ ಬಿಡಬೇಕು, ನೈದಿಲೆ ಇದ್ದ ಬದಿಯನ್ನೇ. ಕತ್ತೆಕಿವಿಯನ್ನು ಹೂವಾಗುವ ಮೊದಲು, ಇನ್ನೂ ಹತ್ತು ಗುಂಟೆಯಲ್ಲಿದ್ದಾಗಲೇ ತೆಗೆಯಬೇಕು. ತೆಗೆದದ್ದನ್ನು ಬದುವಿನಾಚೆ, ನೀರು ಮತ್ತೆ ಎಳೆದುಕೊಂಡು ಹೋಗದ ಜಾಗದಲ್ಲಿ ಒಣಗಿಸಬೇಕು. ಶುದ್ಧ ನೀರಿನ ಕೆರೆಯದಾದರೆ ಎರೆಹುಳು ಗೊಬ್ಬರಕ್ಕೆ ಬರುತ್ತದೆ. ಚರಂಡಿ, ಕಾರ್ಖಾನೆ ನೀರು ಸೇರುವ ಕಡೆಯದಾದರೆ ಬೇಡ. ಈ ಗಿಡದ ಬೇರು ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಟ್ಟುಕೊಳ್ಳುತ್ತದೆ, ಆ ಗೊಬ್ಬರ ಕಾಯಿಪಲ್ಯದ ಹೊಲಕ್ಕೆ ಹೋಗಬಾರದು.

ಕುಡಿಯುವ ನೀರಿನದಲ್ಲದ ಕೆರೆಯನ್ನು ಕೆಲವು ವರ್ಷಕ್ಕೊಮ್ಮೆ ಪೂರ್ತಿ ಒಣಗಲು ಬಿಡುವುದು ಈ ಸೀಮೆಗೆ ತೀರ ಹೊಂದುವ ಉಪಾಯ. ನಮ್ಮ ಬಿಸಿಲು ಮೇ ತಿಂಗಳಲ್ಲಿ ಮಾಡುವ ಕೆಲಸವನ್ನು ಯಾವ ಯಂತ್ರವೂ ಮಾಡಲಾರದು. ತೇಲುವ ಗಿಡ ಸಾಯುತ್ತದೆ, ಗಡ್ಡೆಯ ಗಿಡ ಉಳಿಯುತ್ತದೆ. ಕಾಲುವೆಯಿಂದ ತುಂಬಿಸುವ ಕುಡಿಯುವ ನೀರಿನ ಕೆರೆಗಳಲ್ಲಿ ಇದು ಆಗದು. ಅಲ್ಲಿ ನೀರು ಒಳಬರುವ ತೂಬಿನ ಬಾಯಿಗೆ ಜಾಲರಿ ಹಾಕಿ ತೇಲಿ ಬರುವುದನ್ನು ಅಲ್ಲೇ ತಡೆಯಬೇಕು. ಒಂದು ಜಾಲರಿ, ಅದನ್ನು ದಿನವೂ ತೆರವು ಮಾಡುವ ಒಬ್ಬ ಮನುಷ್ಯ.

ಕೆರೆಯಂಗಳದಲ್ಲಿ ಗಿಡಮರವೇ ಇರಬಾರದು ಎನ್ನುವವರು ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರಕ್ಕೆ ಹೋಗಿ ಬರಬೇಕು. ಅದೂ ಹಳ್ಳಿಯ ನೀರಾವರಿ ಕೆರೆಯೇ. ಅಂಗಳದ ಕರಿಜಾಲಿ ಮರಗಳನ್ನು ಕಡಿಯದೆ ಬಿಟ್ಟಿದ್ದಕ್ಕೆ ಸಾವಿರಾರು ನೀರುಹಕ್ಕಿ ಅಲ್ಲಿ ಗೂಡು ಮಾಡುತ್ತವೆ. 2024ರಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿತು, ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆಗೆ. ಎರಡೂ ನಮ್ಮಂಥದೇ ಬಯಲುಸೀಮೆಯ ಕೆರೆಗಳು.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಪ್ರಾಣಿಗಳನ್ನು ಜನರ ಬಾಯಿಂದಲೇ ಕೇಳಿ ಬರೆದಿಡುವ ದಾಖಲಾತಿ ಪುಸ್ತಕ ಇರಬೇಕು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಮುಂದಿನ ಗ್ರಾಮಸಭೆಯಲ್ಲಿ ಆ ಪುಸ್ತಕ ತೋರಿಸಿ ಎಂದು ಕೇಳಿ. ನಿಮ್ಮ ಕೆರೆಯ ನೈದಿಲೆ, ಹೊನಗೊನ್ನೆ, ಆಪು ಅದರಲ್ಲಿವೆಯೇ ನೋಡಿ. ಇಲ್ಲದಿದ್ದರೆ ಶಾಲೆಯ ವಿಜ್ಞಾನ ಮೇಷ್ಟ್ರನ್ನೂ ಸೊಪ್ಪು ಬಲ್ಲ ಅಜ್ಜಿಯರನ್ನೂ ಕರೆದುಕೊಂಡು ಹೋಗಿ ಬರೆಸಿ. ಕೆರೆ ಕಾಮಗಾರಿಯ ಅಂದಾಜುಪಟ್ಟಿಗೆ ಸಹಿ ಬೀಳುವ ಮೊದಲೇ ಬರೆಸಿ.